ಕುದುರೆಗೆ ದಾರಿ ಬಿಡುವ ಊರು

ನಮ್ಮ ಮನೆಯಲ್ಲಿ ರೇಸ್ ಅನ್ನುವ ಮಾತನ್ನು ದನಿ ತಗ್ಗಿಸಿಯೇ ಆಡುತ್ತಿದ್ದರು. ಚಿಕ್ಕಪ್ಪ ಬೆಂಗಳೂರಿನ ರೇಸ್‌ಕೋರ್ಸಿಗೆ ಹೋಗಿ ಬಂದ ದಿನ ಅಜ್ಜಿ ಊಟ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ. ಈಗ ಚಿಕ್ಕಪ್ಪನಿಗೆ ಎಪ್ಪತ್ತು ದಾಟಿದೆ. ದುಡ್ಡು ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಕುದುರೆಗಳನ್ನು ಮಾತ್ರ ಬಿಟ್ಟಿಲ್ಲ. ನಾನು ಇಂಗ್ಲೆಂಡಿಗೆ ಹೊರಟಾಗ ಎಲ್ಲರೂ ಚಾಕಲೇಟು ತಾ ಅಂದರು. ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ನ್ಯೂಮಾರ್ಕೆಟ್‌ಗೆ ಹೋಗಿ ಬಾರಪ್ಪ. ಫ್ರಾಂಕೆಲ್ ಅಲ್ಲೇ ಇರೋದು" ಅಂದರು.

ಯಾವುದೋ ಹಳೇ ಗೆಳೆಯನ ಮನೆ ವಿಳಾಸ ಕೊಟ್ಟ ಹಾಗೆ ಹೇಳಿದರು. ಫ್ರಾಂಕೆಲ್ ಅಂದರೆ ಒಂದು ರೇಸ್ ಕುದುರೆ.

ಲಂಡನ್ನಿನಿಂದ ಕೇಂಬ್ರಿಡ್ಜ್, ಅಲ್ಲಿ ರೈಲು ಬದಲಿಸಿದರೆ ನ್ಯೂಮಾರ್ಕೆಟ್. ಸ್ಟೇಷನ್ನಿಗೆ ಇರುವುದು ಒಂದೇ ಪ್ಲಾಟ್‌ಫಾರಂ. ಇಳಿದಾಗ ಅನ್ನಿಸಿದ್ದು, ಇದೇನು ನಮ್ಮ ಪ್ಯಾಸೆಂಜರ್ ಗಾಡಿ ನಿಲ್ಲುವ ಹಳ್ಳಿ ಸ್ಟೇಷನ್ ಥರ ಇದೆಯಲ್ಲ ಅಂತ. ಆದರೆ ಈ ಪುಟ್ಟ ಊರಿನಲ್ಲಿ ಹತ್ತಿರ ಹತ್ತಿರ 3,000 ರೇಸ್ ಕುದುರೆಗಳಿವೆ. ಅವು ಓಡಾಡಲು ಊರಿನ ಸುತ್ತ 2,500 ಎಕರೆಯಷ್ಟು ಹುಲ್ಲುಗಾವಲು ಮತ್ತು ಓಟದ ಪಟ್ಟಿಗಳಿವೆ. ರಾತ್ರಿ ಒಂದು ಲಾಡ್ಜಿನಲ್ಲಿ ಉಳಿದೆ. ಅದರ ಹಾಸಿಗೆಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ಹೇಗೂ ನಿದ್ದೆ ಬರಲಿಲ್ಲವಲ್ಲ, ಬೆಳಕು ಹರಿಯುವ ಮೊದಲೇ ಎದ್ದು ಹೊರಟೆ.

ಸೆಪ್ಟೆಂಬರ್ ಕೊನೆ. ಸಣ್ಣಗೆ ಮಂಜು. ಹೈ ಸ್ಟ್ರೀಟಿನ ತುದಿಯ ಗಡಿಯಾರದ ಗೋಪುರದ ಹತ್ತಿರ ಬಂದಾಗ ಕಾರುಗಳೆಲ್ಲ ನಿಂತಿದ್ದವು. ಹಾರ್ನ್ ಇಲ್ಲ, ಗೊಣಗಾಟ ಇಲ್ಲ. ಇಪ್ಪತ್ತೈದು, ಮೂವತ್ತು ಕುದುರೆಗಳು ಒಂದರ ಹಿಂದೆ ಒಂದು ರಸ್ತೆ ದಾಟುತ್ತಿದ್ದವು. ಒಂದು ಕುದುರೆ ರಸ್ತೆ ನಡುವೆ ನಿಂತು ಒಂದು ವ್ಯಾನನ್ನೇ ದಿಟ್ಟಿಸಿತು. ವ್ಯಾನಿನವನು ಕಾಯ್ದ. ಅದಕ್ಕೆ ನೋಡಿ ಸಾಕಾದ ಮೇಲೆ ಮುಂದೆ ಹೋಯಿತು. ನಮ್ಮಲ್ಲಿ ಹಸು ಅಡ್ಡ ನಿಂತರೂ ಹೀಗೇ ಕಾಯುತ್ತೇವೆ, ಆದರೆ ಹಾರ್ನ್ ಹೊಡೆಯುತ್ತಾ ಕಾಯುತ್ತೇವೆ. ಇಲ್ಲಿ ಕುದುರೆಗಳಿಗೇ ಬೇರೆ ಕಾಲುದಾರಿಗಳಿವೆ. ದಾಟುವ ಕಡೆ ಸಿಗ್ನಲ್ ಒತ್ತುವ ಗುಂಡಿ ಎತ್ತರದಲ್ಲೂ ಇದೆ. ಜೀನಿನ ಮೇಲೆ ಕೂತವನ ಕೈಗೆ ಸಿಗಬೇಕಲ್ವಾ!

ಅವುಗಳ ಹಿಂದೆಯೇ ವಾರೆನ್ ಹಿಲ್ ಕಡೆ ನಡೆದೆ. ಇಂಗ್ಲೆಂಡಿನ ಈ ಭಾಗ ಚಪಾತಿ ತಟ್ಟಿದ ಹಾಗೆ ಮಟ್ಟಸ. ಅದರಲ್ಲಿ ಈ ಒಂದು ದಿಣ್ಣೆ. ಬೆಳಗಿನ ಹೊತ್ತು ಗುಂಪು ಗುಂಪಾಗಿ ಕುದುರೆಗಳು ಈ ಏರು ಹತ್ತುತ್ತವೆ. ಒಂದೊಂದು ಗುಂಪಿಗೆ ಅವರು 'ಲಾಟ್' ಅನ್ನುತ್ತಾರೆ. ಮಧ್ಯಾಹ್ನ ಒಂದು ಗಂಟೆಯವರೆಗೆ ಹುಲ್ಲು ಕುದುರೆಗಳದ್ದು. ಆಮೇಲಷ್ಟೇ ಮನುಷ್ಯರು ಅದರ ಮೇಲೆ ಕಾಲಿಡಬಹುದು. ಬೇಲಿಯ ಈಚೆ ನಿಂತೆ. ಮೊದಲು ಕೇಳಿಸಿದ್ದು ಉಸಿರು. ಗೊರಸಿನ ಸದ್ದಿಗಿಂತ ಮುಂಚೆ ಆ ಬುಸ್ ಬುಸ್. ಎರಡೆರಡಾಗಿ ಜೋಡಿ ಹತ್ತಿ ಬಂದವು, ಮೈಯಿಂದ ಹಬೆ ಏಳುತ್ತಿತ್ತು. ಕಣ್ಣು ಮಿಟುಕಿಸುವುದರಲ್ಲಿ ದಾಟಿ ಹೋದವು.

ಒಂದು ವಿಷಯಕ್ಕೆ ಮಾತ್ರ ನಾನು ಸಿದ್ಧನಾಗಿರಲಿಲ್ಲ. ಓಟ ಅರ್ಧ ನಿಮಿಷ, ಒಂದು ನಿಮಿಷ. ಉಳಿದದ್ದೆಲ್ಲ ನಡಿಗೆ. ಲಾಯದಿಂದ ನಡಿಗೆ, ದಿಣ್ಣೆ ಕೆಳಗೆ ಸುತ್ತು ಹಾಕುತ್ತಾ ನಡಿಗೆ, ಮತ್ತೆ ಲಾಯಕ್ಕೆ ನಡಿಗೆ. ಎರಡು ಗಂಟೆ ನಿಂತು ನೋಡಿದೆ. ಜಾಸ್ತಿ ಹೊತ್ತು ನೋಡಿದ್ದು ಕುದುರೆಗಳು ಸುಮ್ನೆ ನಡೆಯುವುದನ್ನೇ.

ಇದರ ಅರ್ಥ ಹೇಳಿದ್ದು ತಿಂಡಿ ಅಂಗಡಿಯಲ್ಲಿ ಸಿಕ್ಕ ಒಬ್ಬ ಸವಾರ. ನ್ಯೂಮಾರ್ಕೆಟ್ಟಿನ ಲಾಯಗಳಲ್ಲಿ ಈಗ ಭಾರತದ ಸವಾರರು ಬಹಳ ಜನ ಇದ್ದಾರೆ. ಈತ ಹೈದರಾಬಾದ್ ಕಡೆಯವನು. ಇಲ್ಲಿಗೆ ಬರುವ ಮೊದಲು ಬೆಂಗಳೂರಿನಲ್ಲಿ ಕುದುರೆ ತಾಲೀಮು ಮಾಡಿಸುತ್ತಿದ್ದನಂತೆ. ಹರುಕು ಮುರುಕು ಕನ್ನಡ ಬರುತ್ತಿತ್ತು. ಅದನ್ನು ಆಡಲು ಅವನಿಗೂ ಖುಷಿ. ಇಷ್ಟು ಹೊತ್ತು ನಡೆಸುತ್ತೀರಲ್ಲ, ಓಡಿಸುವುದು ಯಾವಾಗ ಅಂತ ಕೇಳಿದೆ. ಮೊಟ್ಟೆ ಬ್ರೆಡ್ಡು ಕೆಳಗಿಟ್ಟು ನಕ್ಕ. "ಓಡೋದು ಅದಕ್ಕೆ ಹೇಳ್ಕೊಡ್ಬೇಕಾ ಸಾರ್? ಹುಟ್ತಾನೇ ಬರುತ್ತೆ. ಓಡದೇ ಇರೋದು ಹೇಳ್ಕೊಡೋದೇ ನಮ್ ಕೆಲ್ಸ."

ಫ್ರಾಂಕೆಲ್ ಕಥೆಯೂ ಇದೇ. ಚಿಕ್ಕಪ್ಪ ಸಾವಿರ ಸಲ ಹೇಳಿದ್ದರೂ ನನಗೆ ತಲೆಗೆ ಹೋಗಿರಲಿಲ್ಲ.

2008ರ ಫೆಬ್ರವರಿ 11ರಂದು ಹುಟ್ಟಿದ ಗಂಡು ಮರಿ. ತಂದೆ ಗೆಲಿಲಿಯೋ, ತಾಯಿ ಕೈಂಡ್. ಮಾಲೀಕರು ಸೌದಿ ರಾಜಕುಮಾರ ಖಾಲಿದ್ ಅಬ್ದುಲ್ಲಾ. ಅವರ ಕುದುರೆಗಳನ್ನು ಅಮೆರಿಕದಲ್ಲಿ ಪಳಗಿಸುತ್ತಿದ್ದ ಬಾಬಿ ಫ್ರಾಂಕೆಲ್ 2009ರಲ್ಲಿ ತೀರಿಕೊಂಡಿದ್ದರು. ಆ ಹೆಸರನ್ನು ಈ ಮರಿಗೆ ಇಟ್ಟರು. ಪಳಗಿಸಲು ಕೊಟ್ಟದ್ದು ಹೆನ್ರಿ ಸೆಸಿಲ್ ಕೈಗೆ. ಸೆಸಿಲ್ ಹತ್ತು ಸಲ ಬ್ರಿಟನ್ನಿನ ಚಾಂಪಿಯನ್ ಟ್ರೇನರ್ ಆಗಿದ್ದವರು. ಆದರೆ ದೊಡ್ಡ ಮಾಲೀಕರು ಬಿಟ್ಟು ಹೋದರು, ಅವಳಿ ಸೋದರ ತೀರಿಕೊಂಡ, 2005ರಲ್ಲಿ ಇಡೀ ವರ್ಷಕ್ಕೆ ಗೆದ್ದದ್ದು ಬರೀ 12 ಓಟ. ಮೇಲಿಂದ ಕ್ಯಾನ್ಸರ್. ಮುಗಿಯಿತು ಅಂತ ಊರೆಲ್ಲ ಅಂದುಕೊಂಡಿದ್ದಾಗ ರಾಜಕುಮಾರ ಮಾತ್ರ ಕುದುರೆ ಕಳಿಸುವುದನ್ನು ನಿಲ್ಲಿಸಲಿಲ್ಲ.

ಬಂದ ಮರಿಯೋ ಹಠಮಾರಿ. ಬಾಗಿಲು ತೆಗೆದರೆ ಸಾಕು, ಹಿಡಿದವನ ತೋಳು ಕಿತ್ತು ಬರುವ ಹಾಗೆ ಎಳೆಯುವುದು. ಎದುರಾಳಿ ಇರಲಿ ಬಿಡಲಿ, ಶಕ್ತಿಯೆಲ್ಲ ಮೊದಲೇ ಸುರಿದುಬಿಡುವ ಸ್ವಭಾವ. ದಿನವೂ ಬೆಳಿಗ್ಗೆ ಅದನ್ನು ಹತ್ತಿ ತಾಳ್ಮೆ ಕಲಿಸಿದವನು ಶೇನ್ ಫೆದರ್‌ಸ್ಟನ್‌ಹಾ ಎಂಬ ಕೆಲಸದ ಸವಾರ. ರೇಸಿನ ದಿನ ಬಣ್ಣದ ಅಂಗಿ ತೊಟ್ಟು ಹತ್ತುತ್ತಿದ್ದವನು ಟಾಮ್ ಕ್ವೀಲಿ. ಪೇಪರಿನಲ್ಲಿ ಫೋಟೋ ಬರುವುದು ಯಾರದ್ದು ಅಂತ ಹೇಳಬೇಕಾಗಿಲ್ಲ.

ತಿಂಡಿ ಮುಗಿಸಿ ದಿಣ್ಣೆಯ ಮೇಲಿನ ವಾರೆನ್ ಪ್ಲೇಸ್ ಗೇಟಿನವರೆಗೂ ಹೋದೆ. ಸೆಸಿಲ್ ಇದ್ದದ್ದು ಇಲ್ಲಿ. ಗುಲಾಬಿ ಬೆಳೆಸುವ ಹುಚ್ಚಿದ್ದ ಮನುಷ್ಯ. ಗ್ರೂಪ್ ಒನ್, ಅಂದರೆ ಅತಿ ಮೇಲಿನ ದರ್ಜೆಯ ರೇಸು ಗೆದ್ದರೆ ಮನೆ ಮೇಲೆ ಬಾವುಟ ಏರಿಸುತ್ತಿದ್ದರು. ಈ ಜಾಗಕ್ಕೆ ನಮ್ಮ ದೇಶದ ನಂಟೂ ಇದೆ. ಇದು ಒಂದು ಕಾಲಕ್ಕೆ ಬರೋಡಾ ಮಹಾರಾಜರದ್ದಾಗಿತ್ತು. ಅವರು 28,000 ಗಿನಿ ಕೊಟ್ಟು ಕೊಂಡ ಸಯಾಜಿರಾವ್ ಅನ್ನುವ ಕುದುರೆ 1947ರಲ್ಲಿ ಸೇಂಟ್ ಲೆಜರ್ ಅನ್ನುವ ದೊಡ್ಡ ರೇಸು ಗೆದ್ದಿತು. ಸ್ವಾತಂತ್ರ್ಯ ಬಂದು ಒಂದು ತಿಂಗಳು ಆಗುವುದರೊಳಗೆ! ಗೇಟು ಮುಚ್ಚಿತ್ತು. ಗುಲಾಬಿ ಕಾಣಲಿಲ್ಲ. ಒಂದು ಫೋಟೋ ತೆಗೆದುಕೊಂಡೆ.

ಈ 'ಗಿನಿ' ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ ಗಿನಿ ನಾಣ್ಯ ಹೋಗಿ ಎಷ್ಟೋ ಕಾಲವಾಯಿತು. ಆದರೂ ಊರಿನ ಟ್ಯಾಟರ್ಸಾಲ್ಸ್ ಹರಾಜಿನಲ್ಲಿ ಇವತ್ತಿಗೂ ಕುದುರೆಯ ಬೆಲೆ ಕೂಗುವುದು ಗಿನಿಯಲ್ಲೇ. ಒಂದು ಗಿನಿ ಅಂದರೆ ಒಂದು ಪೌಂಡು ಐದು ಪೆನ್ಸ್. ಪೌಂಡು ಮಾರಿದವನಿಗೆ, ಮೇಲಿನ ಐದು ಪೆನ್ಸ್ ಹರಾಜಿನವರಿಗೆ ಅನ್ನುವುದು ಹಳೇ ಲೆಕ್ಕ. ಬೆಂಗಳೂರು ರೇಸಿನಲ್ಲೂ 'ಗಿನೀಸ್' ಅನ್ನುವ ಹೆಸರು ಕೇಳಿರುತ್ತೀರಿ. ಅದರ ತವರು ಇಲ್ಲಿಯ 2000 ಗಿನೀಸ್ ರೇಸು, 1809ರಲ್ಲಿ ಶುರುವಾದದ್ದು.

ಮಧ್ಯಾಹ್ನ ಆ ಓಟದ ನೆಲವನ್ನೇ ನೋಡಲು ಹೋದೆ. ಹೆಸರು ರೌಲಿ ಮೈಲ್. ಎರಡನೇ ಚಾರ್ಲ್ಸ್ ದೊರೆಯ ಅಡ್ಡಹೆಸರು ಓಲ್ಡ್ ರೌಲಿ, ಅದೇ ಉಳಿದುಕೊಂಡಿದೆ. ನಮ್ಮ ರೇಸ್‌ಕೋರ್ಸಿನ ಹಾಗೆ ದುಂಡಗೆ ಸುತ್ತುವುದಿಲ್ಲ. ಮೈಲಿಗಟ್ಟಲೆ ನೆಟ್ಟಗೆ, ಹಗ್ಗ ಹಿಡಿದು ಎಳೆದ ಹಾಗೆ. ಕೊನೆಗೆ ಒಂದು ಇಳಿಜಾರು, ಅದಕ್ಕೆ ಡಿಪ್ ಅನ್ನುತ್ತಾರೆ. ಅದರಾಚೆ ಗೆಲುವಿನ ಕಂಬದವರೆಗೂ ಏರು. ದಣಿದ ಕುದುರೆಯ ಬಂಡವಾಳ ಬಯಲಾಗುವುದು ಅಲ್ಲಿ.

2011ರ ಏಪ್ರಿಲ್ 30ರಂದು ಫ್ರಾಂಕೆಲ್ ಇಲ್ಲಿ ಓಡಿತು. ಹಿಡಿದರೆ ಜಗಳಕ್ಕೆ ನಿಲ್ಲುತ್ತದೆ, ಹಾಗಾಗಿ ಅವತ್ತು ಬಿಟ್ಟೇಬಿಟ್ಟರು. ಅರ್ಧ ದಾರಿಗೆ ಹತ್ತು ಹದಿನೈದು ಕುದುರೆ ಉದ್ದದಷ್ಟು ಮುಂದಿತ್ತು. ಕೊನೆಗೆ ಗೆದ್ದ ಅಂತರ 6 ಉದ್ದ. 1947ರ ನಂತರ 2000 ಗಿನೀಸಿನಲ್ಲಿ ಅಷ್ಟು ದೊಡ್ಡ ಗೆಲುವು ಆಗಿರಲಿಲ್ಲ. ಜನ ಈ ಓಟವನ್ನೇ ಜಾಸ್ತಿ ನೆನೆಯುತ್ತಾರೆ. ಆದರೆ ಮುಂದಿನ ಓಟ ನೋಡಿ. ಜೂನ್‌ನಲ್ಲಿ ಆಸ್ಕಟ್‌ನಲ್ಲಿ ಅದೇ ಆಟ ಹೂಡಿ ತುಂಬಾ ಬೇಗ ಮುನ್ನುಗ್ಗಿತು. ಕೊನೆಯಲ್ಲಿ ಜೊಫನಿ ಅನ್ನುವ ಕುದುರೆ ಓಡೋಡಿ ಹತ್ತಿರ ಬಂದು, ಫ್ರಾಂಕೆಲ್ ಬರೀ ಮುಕ್ಕಾಲು ಉದ್ದದಲ್ಲಿ ಬಚಾವಾಯಿತು.

ಹಾಗಾಗಿ ನನಗೆ ಇಷ್ಟವಾಗುವುದು 2012ರ ಆಗಸ್ಟಿನ ಯಾರ್ಕ್ ಓಟ. ಆವರೆಗೆ ಒಂದು ಮೈಲಿಗಿಂತ ದೂರ ಅದನ್ನು ಓಡಿಸಿರಲಿಲ್ಲ. ಎಳೆದಾಡುವ ಕುದುರೆಗೆ ದೂರದ ಓಟ ಆಗಿಬರುವುದಿಲ್ಲ. ಇಲ್ಲಿ ಹತ್ತು ಫರ್ಲಾಂಗ್, ಅಂದರೆ ಒಂದೂಕಾಲು ಮೈಲಿಯ ಮೇಲೆ ಇನ್ನೂ ಸ್ವಲ್ಪ. ವಿಡಿಯೋ ಹಾಕಿ ನೋಡಿ, ಶುರುವಿನಲ್ಲಿ ಫ್ರಾಂಕೆಲ್ ಹಿಂದೆಲ್ಲೋ ಇದೆ. ಮದುವೆ ಮನೆಗೆ ಬಂದವರ ಹಾಗೆ ಆರಾಮಾಗಿ ಬರುತ್ತಿದೆ. ಕೊನೆಯ ಭಾಗದಲ್ಲಿ ಕ್ವೀಲಿ ಕೈ ಅಲ್ಲಾಡಿಸುವ ಮೊದಲೇ ಮುಂದಿದ್ದವರ ಪಕ್ಕಕ್ಕೆ ಬಂದಿತ್ತು. 7 ಉದ್ದದ ಗೆಲುವು. ಚಿಕಿತ್ಸೆಯಿಂದ ಇಳಿದುಹೋಗಿದ್ದ ಸೆಸಿಲ್ ಅವತ್ತು ಟೋಪಿ ಹಾಕಿಕೊಂಡು ಬಂದಿದ್ದರು. ಅವರ ದನಿ ಪಿಸುಮಾತಿನಷ್ಟಾಗಿತ್ತು. ಅಕ್ಟೋಬರ್ 20ರಂದು ಆಸ್ಕಟ್‌ನ ಒದ್ದೆ ನೆಲದಲ್ಲಿ ಕೊನೆಯ ಓಟ. 14 ಓಟ, 14 ಗೆಲುವು. ಮರುವರ್ಷ ಜೂನ್‌ನಲ್ಲಿ ಸೆಸಿಲ್ ಹೋಗಿಬಿಟ್ಟರು.

ನಾನು ಹೋದ ದಿನ ಕೇಂಬ್ರಿಡ್ಜ್‌ಶೈರ್ ಅನ್ನುವ ದೊಡ್ಡ ರೇಸು. ಮೂವತ್ತಕ್ಕೂ ಹೆಚ್ಚು ಕುದುರೆಗಳು ಒಂದು ಮೈಲಿ ಒಂದು ಫರ್ಲಾಂಗ್ ನೆಟ್ಟಗೆ ನಮ್ಮ ಕಡೆಗೇ ಓಡಿ ಬರುತ್ತವೆ. ಬುಕ್ಕಿಗಳು ಸಾಲಾಗಿ ಬೋರ್ಡು ನಿಲ್ಲಿಸಿಕೊಂಡು ಕೂಗುತ್ತಿದ್ದರು. ಅಜ್ಜಿಯನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ ಐದು ಪೌಂಡು ಕಟ್ಟಿದೆ. ಹಸಿರು ಅಂಗಿ ನೋಡಿ ಕುದುರೆ ಆರಿಸಿದ್ದು, ಇನ್ನೇನೂ ಗೊತ್ತಿರಲಿಲ್ಲ. ಓಟ ಶುರು ಅಂತ ಮೈಕಿನಲ್ಲಿ ಹೇಳಿದರು. ಏನೂ ಕಾಣದು. ದೂರದಲ್ಲಿ ಇರುವೆ ಸಾಲು. ಆ ಸಾಲು ಎರಡಾಗಿ ಒಡೆದು, ಒಂದು ಆ ಅಂಚಿಗೆ, ಇನ್ನೊಂದು ಈ ಅಂಚಿಗೆ. ಯಾರು ಮುಂದೆ ಅಂತ ಪಕ್ಕದಲ್ಲಿದ್ದ ಅಜ್ಜನಿಗೂ ತಿಳಿಯಲಿಲ್ಲ, ಆದರೂ ಅವರು ಕಿರುಚುತ್ತಿದ್ದರು. ನಾನೂ ಕಿರುಚಿದೆ. ಡಿಪ್‌ನಿಂದ ಮೇಲೆ ಬರುವಾಗ ನೆಲ ನಡುಗಿತು. ನನ್ನ ಹಸಿರು ಅಂಗಿ ಎಲ್ಲೋ ನಡುವೆ ಇತ್ತು. ಒಬ್ಬ ಜಾಕಿ ಚಾಟಿ ಎತ್ತಿದ್ದು ಹತ್ತಿರದಿಂದ ಕಂಡಾಗ ಸ್ವಲ್ಪ ಕಸಿವಿಸಿ ಆಯಿತು. ಈಗ ಒಂದು ಓಟಕ್ಕೆ ಆರು ಏಟಿಗಿಂತ ಹೆಚ್ಚು ಹೊಡೆಯುವಂತಿಲ್ಲ ಅಂತ ನಿಯಮ ಇದೆ. ಆರೂ ಯಾಕೆ ಅನ್ನುವುದು ನನ್ನ ಪ್ರಶ್ನೆ.

ಮರುದಿನ ಬೆಳಿಗ್ಗೆ ಚೀವ್‌ಲಿ ಹಳ್ಳಿ ಕಡೆ ನಡೆದೆ. ಅಲ್ಲಿಯ ಬ್ಯಾನ್‌ಸ್ಟೆಡ್ ಮ್ಯಾನರ್ ತಳಿ ಫಾರಂನಲ್ಲಿ ಫ್ರಾಂಕೆಲ್ ಇರುವುದು. ರೇಸಿಗೆ ಓಡುವ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಒಪ್ಪಿಗೆ ಇಲ್ಲ. ಹೆಣ್ಣು ಕುದುರೆಯನ್ನು ಇಲ್ಲಿಗೇ ಕರೆತರಬೇಕು. 2024ರಲ್ಲಿ ಫ್ರಾಂಕೆಲ್ ಜೊತೆ ಕೂಡಿಸುವ ಶುಲ್ಕ ಒಂದು ಮರಿಗೆ 3,50,000 ಪೌಂಡ್. ರೂಪಾಯಿ ಲೆಕ್ಕದಲ್ಲಿ ನಾಲ್ಕು ಕೋಟಿಗೆ ಹತ್ತಿರ. ಅದು ಓಡಿ ಗೆದ್ದ ಬಹುಮಾನ ಎಲ್ಲ ಸೇರಿ 30 ಲಕ್ಷ ಪೌಂಡಿನಷ್ಟು. ಒಂಬತ್ತು ಮರಿಗಳಾದರೆ ಆ ಮೊತ್ತ ದಾಟುತ್ತದೆ.

ಮೊದಲೇ ಹೇಳಿಟ್ಟುಕೊಳ್ಳದೆ ಒಳಗೆ ಬಿಡುವುದಿಲ್ಲ ಅಂತ ಗೊತ್ತಿತ್ತು. ನಾನು ಹೇಳಿಟ್ಟಿರಲಿಲ್ಲ, ತಪ್ಪು ನನ್ನದೇ. ಬೇಲಿಯಾಚೆ ಹಸಿರು, ದೊಡ್ಡ ಮರಗಳು. ದೂರದಲ್ಲಿ ಒಂದು ಕಂದು ಕುದುರೆ ತಲೆ ಬಗ್ಗಿಸಿ ಮೇಯುತ್ತಿತ್ತು. ಯಾವುದೋ ಏನೋ. ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದಾಗ ಅವರದೇ ಫೋನ್ ಬಂತು.

"ಅದು ಅವನಲ್ಲ ಕಣೋ. ಅವನ ಹಣೆ ಮೇಲೆ ಬಿಳಿ ಚುಕ್ಕೆ ಇದೆ."

"ತಲೆ ಬಗ್ಗಿಸಿದೆಯಲ್ಲ ಚಿಕ್ಕಪ್ಪ, ಹಣೆ ಎಲ್ಲಿ ಕಾಣುತ್ತೆ?"

"ಅವನು ನಿಲ್ಲೋ ರೀತಿನೇ ಬೇರೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದರು, "ಎಷ್ಟು ಕಟ್ಟಿದೆ?"