ಹಳೆಯ ಚೇತಕ್‌ಗೆ ಹೊಸ ಪ್ಯಾಕಿಂಗ್

ನಮ್ಮ ತಂದೆಯವರು ಧಾರವಾಡದಿಂದ ಪುಣೆಗೆ ಬಂದು ನೆಲೆಸಿದ ಮೇಲೆ ಕೊಂಡ ಬಜಾಜ್ ಚೇತಕ್ ಇಂದಿಗೂ ನಮ್ಮ ಮನೆಯಲ್ಲಿದೆ. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ಚಾಳಿ ಹತ್ತಿತು: ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಎಂಜಿನ್ ತಗ್ಗದೆ ಏರುದನಿಯಲ್ಲೇ ಓಡುತ್ತಿತ್ತು. ಬದಿಯ ಡೂಮು ಬಿಚ್ಚಿ ನೋಡಿದಾಗ ಸಿಲಿಂಡರ್‌ನ ಬುಡದ ಸುತ್ತ ಎಣ್ಣೆಯ ಕಪ್ಪು ಗೆರೆಯೊಂದು ಮೂಡಿ, ಅದಕ್ಕೆ ಧೂಳು ಮೆತ್ತಿಕೊಂಡಿತ್ತು. ಬುಡದ ಪ್ಯಾಕಿಂಗ್ (ಸಂದು ಸೋರದಂತೆ ನಡುವೆ ಇಡುವ ಕಾಗದದ ಹಾಳೆ) ಹೋಗಿದೆ ಎಂಬುದಕ್ಕೆ ಅಷ್ಟು ಸಾಕಾಗಿತ್ತು.

ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಇದನ್ನು ಕೇವಲ ಎಣ್ಣೆ ಸೋರಿಕೆ ಎಂದು ಬಿಡುವಂತಿಲ್ಲ. ಪಿಸ್ಟನ್ ಮೇಲೇರುವಾಗ ಸಿಲಿಂಡರ್ ಕೆಳಗಿನ ಪೆಟ್ಟಿಗೆಯಾದ ಕ್ರಾಂಕ್ ಕೇಸ್ ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಇಳಿಯುವಾಗ ಅದನ್ನು ಸಿಲಿಂಡರ್‌ಗೆ ತಳ್ಳುತ್ತದೆ; ಬುಡದ ಸಂದಿನಲ್ಲಿ ಹೊರಗಿನ ಗಾಳಿ ನುಗ್ಗಿದರೆ ಎಂಜಿನ್ ತಗ್ಗದೆ ಓಡುವುದಲ್ಲದೆ, ಪೆಟ್ರೋಲಿನ ಜೊತೆಗೆ ಅದರಲ್ಲಿ ಬೆರೆಸಿದ ಎಣ್ಣೆಯ ಪಾಲೂ ಕಡಿಮೆಯಾಗಿ, ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಜಾಮ್ ಆಗುವ ಅಪಾಯವಿದೆ.

ನಾನಾ ಪೇಟೆಯ ಅಂಗಡಿಯೊಂದರಲ್ಲಿ ವಿಜಯಪುರದ ಕಡೆಯ ಹಿರಿಯರೊಬ್ಬರು, "ದಪ್ಪ ಪ್ಯಾಕಿಂಗ್ ಹಾಕ್ರಿ ಸರ, ಸೋರೂದಿಲ್ಲ" ಎಂದು ಪ್ರೀತಿಯಿಂದಲೇ ಸಲಹೆ ಕೊಟ್ಟರು. ಅದನ್ನು ನಾನು ಒಪ್ಪಲಿಲ್ಲ. ಬುಡದಲ್ಲಿ ದಪ್ಪನೆಯದನ್ನು ಹಾಕಿದರೆ ಇಡೀ ಸಿಲಿಂಡರ್ ಅಷ್ಟು ಮೇಲೇರುತ್ತದೆ; ಆಗ ಕಂಪ್ರೆಶನ್ (ಒಳಗಿನ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಯುತ್ತದೆ, ಸಿಲಿಂಡರ್ ಗೋಡೆಯ ಕಿಂಡಿಗಳಾದ ಪೋರ್ಟುಗಳು ತೆರೆಯುವ ಮತ್ತು ಮುಚ್ಚುವ ಹೊತ್ತೂ ಬದಲಾಗುತ್ತದೆ. 57 ಮಿಲಿಮೀಟರ್ ಬೋರ್ (ಸಿಲಿಂಡರ್‌ನ ಒಳ ಅಗಲ), ಅಷ್ಟೇ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇರುವ ಈ ಪುಟ್ಟ ಎಂಜಿನ್‌ಗೆ ಅರ್ಧ ಮಿಲಿಮೀಟರ್ ಕೂಡ ದೊಡ್ಡ ವ್ಯತ್ಯಾಸವೇ.

ಆದ್ದರಿಂದ ಹಳೆಯ ಪ್ಯಾಕಿಂಗ್ ತುಂಡುಗಳನ್ನು ಎಸೆಯದೆ ಅಂಗಡಿಗೆ ಒಯ್ದಿದ್ದೆ. ಬಿಗಿತಕ್ಕೆ ಸಿಕ್ಕಿ ಚಪ್ಪಟೆಯಾದ ಭಾಗದ ಬದಲು ಅಂಚಿನಲ್ಲಿ ಹೊರಚಾಚಿದ ಭಾಗವನ್ನು ವರ್ನಿಯರ್‌ನಿಂದ ಅಳೆದು, ಅದೇ ದಪ್ಪದ ಕಾಗದದ ಪ್ಯಾಕಿಂಗ್ ಆರಿಸಿದೆ. ದಪ್ಪದಷ್ಟೇ ಆಕಾರವೂ ಮುಖ್ಯ. ಒಂದೇ ಸೆಟ್ಟನ್ನು ಹಲವು ಮಾಡೆಲ್‌ಗಳಿಗೆ ಮಾರುವುದುಂಟು. ಮನೆಗೆ ತಂದು ಕ್ರಾಂಕ್ ಕೇಸ್ ಮೇಲೆ ಇಟ್ಟು ನೋಡಿದಾಗ ಒಂದು ಅಂಚು, ಮಿಶ್ರಣ ಸಿಲಿಂಡರ್‌ಗೆ ಹೋಗುವ ಟ್ರಾನ್ಸ್‌ಫರ್ ದಾರಿಯೊಳಗೆ ಎರಡು ಕೂದಲೆಳೆಯಷ್ಟು ಚಾಚಿತ್ತು. ಅದನ್ನು ಬ್ಲೇಡಿನಿಂದ ಕತ್ತರಿಸಿದೆ.

ಸಿಲಿಕಾನ್ ಪೇಸ್ಟ್ ಬಳಸಲಿಲ್ಲ, ಏಕೆಂದರೆ ಪೆಟ್ರೋಲು ತಗಲಿ ಮೆತ್ತಗಾದ ಅದರ ಚೂರುಗಳು ಒಳಗೆ ಸೇರಬಹುದು. ಕ್ರಾಂಕ್ ಕೇಸ್‌ನ ಮೃದುವಾದ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಎಂಥ ಒಳ್ಳೆಯ ಪ್ಯಾಕಿಂಗ್ ಕೂಡ ನಿಲ್ಲದು. ಹೀಗಾಗಿ ಅಂಟಿಕೊಂಡಿದ್ದ ಹಳೆಯ ಕಾಗದವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಚಕ್ಕೆಯಿಂದ ನಿಧಾನವಾಗಿ ಎಬ್ಬಿಸಿದೆ. ಸಿಲಿಂಡರ್ ಮೇಲಿನ ಮುಚ್ಚಳವಾದ ಹೆಡ್‌ನ ನಾಲ್ಕು ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಎಂಜಿನ್ ಒಮ್ಮೆ ಕಾದು ಪೂರ್ತಿ ತಣಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಿದೆ.

ಈಗ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಎಂಜಿನ್ ತಗ್ಗುತ್ತದೆ. ಸಿಲಿಂಡರ್‌ನ ಬುಡಕ್ಕೆ ಬೆರಳಾಡಿಸಿದರೆ ಒಣ ಧೂಳಷ್ಟೇ ಹತ್ತುತ್ತದೆ.