ಲಕ್ಕುಂಡಿಯಲ್ಲಿ ಒಂದು ದಿನ

ಯಜಮಾನರು ತೀರಿಕೊಂಡು ಏಳು ತಿಂಗಳಾದ ಮೇಲೆ, ನವೆಂಬರಿನ ಒಂದು ಮುಂಜಾನೆ, ಧಾರವಾಡದ ಮನೆಗೆ ಬೀಗ ಹಾಕಿ ಒಬ್ಬಳೇ ಲಕ್ಕುಂಡಿಗೆ ಹೊರಟೆ. ದುಃಖ ಮರೆಯಲೆಂದು ಹೊರಟೆನೆಂದರೆ ಪೂರ್ತಿ ನಿಜವಾಗದು. ಬಂದವರೆಲ್ಲ ದನಿ ತಗ್ಗಿಸಿ ಮಾತನಾಡುವುದು, ‘ಇನ್ನ ಮಕ್ಕಳ ಮಾರಿ ನೋಡಿ ಬದುಕಬೇಕವ್ವಾ’ ಎಂದು ನಿಟ್ಟುಸಿರು ಬಿಡುವುದು ಸಾಕಾಗಿತ್ತು. ನನ್ನ ಪರಿಚಯವೇ ಇಲ್ಲದ ಊರೊಂದು ಒಂದು ದಿನದ ಮಟ್ಟಿಗೆ ಬೇಕಾಗಿತ್ತು.

ಹುಬ್ಬಳ್ಳಿಯಲ್ಲಿ ಗದಗ ಬಸ್ ಹತ್ತಿ, ಆಧಾರ್ ಕಾರ್ಡಿನ ಜೊತೆಗೆ ನೂರರ ನೋಟನ್ನೂ ಚಾಚಿದೆ. ‘ನಿಮ್ಮದು ಫ್ರೀ ಐತ್ರಿ ಅಕ್ಕಾರ, ರೊಕ್ಕ ಯಾಕ?’ ಎಂದು ಕಂಡಕ್ಟರ್ ಕೇಳಿದಾಗ ಕೈ ಹಿಂದೆಗೆದುಕೊಂಡೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನನಗೆ ಶೂನ್ಯ ದರದ ಟಿಕೆಟ್. ರೊಕ್ಕ ಕೊಡುತ್ತಿದ್ದುದು ಅವರ ಟಿಕೆಟ್ಟಿಗೆ. ಅಣ್ಣಿಗೇರಿ ದಾಟುವವರೆಗೂ ಕಿಟಕಿಯಾಚೆಯ ಎರೆಹೊಲಗಳನ್ನೇ ನೋಡುತ್ತ ಕುಳಿತೆ. ಗದಗಿನಲ್ಲಿ ಇಳಿದರೂ ವೀರನಾರಾಯಣನ ಗುಡಿಗೆ ಹೋಗಲಿಲ್ಲ. ದೇವರ ಮೇಲೆ ಸಿಟ್ಟಿತ್ತು, ಈಗಲೂ ಪೂರ್ತಿ ಇಳಿದಿಲ್ಲ.

ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಮೊದಲು ನೋಡಿದ್ದು ಬ್ರಹ್ಮಜಿನಾಲಯವನ್ನು. ಅತ್ತಿಮಬ್ಬೆ ಕಟ್ಟಿಸಿದ ಈ ಬಸದಿಯ ಶಾಸನ 1007ರದ್ದು. ಶಾಲೆಯಲ್ಲಿ ‘ದಾನಚಿಂತಾಮಣಿ’ ಎಂದು ಬಾಯಿಪಾಠ ಮಾಡಿಸಿದ್ದರೇ ಹೊರತು, ಗಂಡ ನಾಗದೇವ ಸತ್ತಾಗ ಅವಳ ತಂಗಿಯೂ ಸವತಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳೆಂಬುದರ, ಮಗ ಅಣ್ಣಿಗನಿಗಾಗಿ ಅತ್ತಿಮಬ್ಬೆ ಉಳಿದಳೆಂಬುದರ ಅರ್ಥ ಆ ವಯಸ್ಸಿನಲ್ಲಿ ಯಾರಿಗೆ ಆಗುತ್ತದೆ! ಉಳಿದವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಪ್ರತಿಗೆ ಎಷ್ಟು ಓಲೆಗರಿ ಬೇಕು, ಎಷ್ಟು ಜನ ಬರೆಯುವವರು, ಅವರಿಗೆ ದಿನಕ್ಕೆ ಎಷ್ಟು ರೊಟ್ಟಿ ಬಡಿಯಬೇಕು ಎಂದು ಗೃಹಿಣಿಯ ಲೆಕ್ಕ ಹಾಕುತ್ತ ಮಂಟಪದ ನುಣುಪು ಕಂಬಕ್ಕೆ ಒರಗಿ ಕುಳಿತಿದ್ದೆ. ಎದ್ದಾಗ ತಿಳಿಯಿತು, ಅಷ್ಟು ಹೊತ್ತೂ ಆಸ್ಪತ್ರೆಯ ಆ ಕೊನೆಯ ರಾತ್ರಿ ಕಣ್ಣ ಮುಂದೆ ಬಂದಿರಲಿಲ್ಲ.

ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಗೆ ಮೂರು ಕಡೆಯಿಂದ ಮೆಟ್ಟಿಲುಗಳಿವೆ. ಗೋಡೆಗಳಲ್ಲಿ ಗೂಡಿನಂಥ ಪುಟ್ಟ ಗುಡಿಗಳಿವೆ. ‘ಸಾವಕಾಶ ಇಳೀರಿ, ಜಾರತೈತಿ’ ಎಂದ ಕಾವಲುಗಾರ. ಮಂಡಿನೋವಿನವಳಾದ ನಾನು ಒಂದೊಂದು ಮೆಟ್ಟಿಲ ಮೇಲೂ ಕುಳಿತು, ಕೈಯೂರಿ, ಮಕ್ಕಳಂತೆ ಇಳಿದೆ. ಅಲ್ಲಿ, ತಣ್ಣಗಿನ ಕಲ್ಲಿನ ಮೇಲೆ ಕುಳಿತು, ಮಕ್ಕಳು ಗಾಬರಿಯಾದಾರೆಂದು ಏಳು ತಿಂಗಳು ಹಿಡಿದಿಟ್ಟಿದ್ದ ಅಳುವನ್ನು ದನಿ ತೆಗೆದು ಅತ್ತೆ. ಮೇಲೆ ಬಂದಾಗ ಕಾವಲುಗಾರ ಏನೂ ಕೇಳಲಿಲ್ಲ. ‘ಕಾಶಿ ವಿಶ್ವನಾಥನ ಗುಡಿ ನೋಡಿದ್ರೇನ್ರಿ?’ ಎಂದು ದಾರಿ ತೋರಿಸಿದ. ಅದರ ಬಾಗಿಲುವಾಡದ ಕೆತ್ತನೆಯನ್ನು ನಿಧಾನವಾಗಿ ನೋಡಿದೆ.

ಸಂಜೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿನ್ನುತ್ತಿರುವಾಗ ನೆಗೆಣ್ಣಿಯ ಫೋನ್ ಬಂತು. ‘ಯಾರ ಕೂಡ ಹೋಗಿದ್ದಿ?’ ಎಂದಳು. ‘ಒಬ್ಬಾಕಿನ’ ಎಂದೆ. ಬೈಯುತ್ತಾಳೆಂದುಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನೂ ಕರಕೊಂಡು ಹೋಗಬೇಕಿಲ್ಲೇನ?’ ಎಂದಳು.