ಕಣ್ಣಿನ ಟಿಬಿ: ಪಾಸಿಟಿವ್ ಬಂದ ಮಾತ್ರಕ್ಕೆ...

ಶ್ವಾಸಕೋಶದ ಟಿಬಿಗಾದರೆ ಪರೀಕ್ಷೆಗೆ ಕಫ ಸಿಗುತ್ತದೆ. ಕಣ್ಣಿಗೆ? ಮುಂಭಾಗದ ದ್ರವವನ್ನು ಸೂಜಿಯಲ್ಲಿ ತೆಗೆದರೂ ಸಿಗುವುದು 0.1–0.2 ಮಿ.ಲೀ., ಅದರಲ್ಲಿ ಬ್ಯಾಕ್ಟೀರಿಯಾ ಇದ್ದರೂ ಬೆರಳೆಣಿಕೆ. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ನೆಗೆಟಿವ್ ಎಂದು ಟಿಬಿ ಇಲ್ಲ ಅನ್ನುವ ಹಾಗಿಲ್ಲ. ಎದೆಯ ಎಕ್ಸ್‌ರೇಯೂ ಎಷ್ಟೋ ಸಲ ಸ್ವಚ್ಛ.

ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಗೆ, ಬಿಸಿಜಿ ಲಸಿಕೆಯಿಂದಲೂ ಪಾಸಿಟಿವ್ ಬರಬಹುದೆಂಬ ಗೊಂದಲವಿದೆ, ರಕ್ತದಲ್ಲಿ ಮಾಡುವ ಇಗ್ರಾ ಪರೀಕ್ಷೆಗೆ ಅದಿಲ್ಲ. ಆದರೆ ಎರಡೂ ಹೇಳುವುದು ಸೋಂಕು ಎಂದೋ ಮೈ ಹೊಕ್ಕಿದೆ ಎಂದಷ್ಟೇ. ನಮ್ಮ ದೇಶದಲ್ಲಿ ಅಂಥವರು ಕೋಟಿಗಟ್ಟಲೆ. ಹಾಗಾಗಿ ಕಣ್ಣಿನೊಳಗಿನ ಚಿತ್ರವೇ ಮುಖ್ಯ: ರೆಟಿನಾದ ಹಿಂದಿನ ರಕ್ತನಾಳದ ಪದರವಾದ ಕೋರಾಯ್ಡ್‌ನಲ್ಲಿ ಹಾವಿನಂತೆ ಹರಿಯುವ ಮಚ್ಚೆ, ರೆಟಿನಾದ ರಕ್ತನಾಳಗಳ ಉರಿಯೂತ. ಇಂಥದೇ ಚಿತ್ರ ತೋರಬಲ್ಲ ಸಿಫಿಲಿಸ್ (ಲೈಂಗಿಕ ಸೋಂಕು), ಸಾರ್ಕಾಯ್ಡ್ (ಉರಿಯೂತದ ಕಾಯಿಲೆ) ಅಲ್ಲವೆಂದು ನೋಡದೆ ಟಿಬಿ ಮಾತ್ರೆ ಶುರು ಮಾಡುವುದು ಅವಸರವೇ ಸರಿ.

ಮಾತ್ರೆ ಸಾಮಾನ್ಯವಾಗಿ 6–9 ತಿಂಗಳು. ಮೊದಲ ಕೆಲ ವಾರ ಮಚ್ಚೆ ಹಿಗ್ಗಬಹುದು. ಸತ್ತ ಬ್ಯಾಕ್ಟೀರಿಯಾದ ತುಣುಕುಗಳ ಮೇಲೆ ದೇಹದ ಸಿಟ್ಟದು, ಔಷಧ ಸೋತದ್ದಲ್ಲ. ಅದನ್ನು ತಗ್ಗಿಸಲು ಸ್ಟೆರಾಯ್ಡ್ ಸೇರಿಸಿದರೆ, ಟಿಬಿ ಮಾತ್ರೆಗಳಲ್ಲೊಂದಾದ ರಿಫಾಂಪಿಸಿನ್ ಆ ಸ್ಟೆರಾಯ್ಡನ್ನು ಯಕೃತ್ತಿನಲ್ಲಿ ಬೇಗ ಮುಗಿಸಿಬಿಡುತ್ತದೆ. ಡೋಸ್ ಸಾಲದೆ ಹೋಗುತ್ತದೆ.

ಇನ್ನೊಂದು ಟಿಬಿ ಮಾತ್ರೆ ಎಥಾಂಬುಟಾಲ್ ಕಣ್ಣಿನ ನರಕ್ಕೇ ಕುತ್ತು ತರಬಲ್ಲದು. ಅದು ನಡೆಯುವಷ್ಟು ಕಾಲ ತಿಂಗಳಿಗೊಮ್ಮೆ ದೃಷ್ಟಿ ಮತ್ತು ಕೆಂಪು-ಹಸಿರು ಬಣ್ಣದ ಪರೀಕ್ಷೆ. ಕಣ್ಣು ಉಳಿಸುವ ಮಾತ್ರೆಗೂ ಕಣ್ಣು ಕಾಯಬೇಕು, ನೋಡಿ! ರಿಫಾಂಪಿಸಿನ್‌ನಿಂದ ಕಣ್ಣೀರು ಕಿತ್ತಳೆ ಬಣ್ಣವಾದರೆ ಗಾಬರಿ ಬೇಡ. ಕಲೆಯಾಗುವುದು ಕಾಂಟ್ಯಾಕ್ಟ್ ಲೆನ್ಸ್‌ಗೆ.